ಹೇಳಿದಾಗ ಆರುವ ಬೆಂಕಿ

ಕಳೆದ ತಿಂಗಳು ಐದಾರು ವಿದ್ಯಾರ್ಥಿಗಳ ಜೊತೆ ಕುಣಿಗಲ್ ಕಡೆ ಹೋಗಿದ್ದೆ. ಜನಪದ ಹಾಡಿನಿಂದಾಗಿ ನಾಡಿಗೆಲ್ಲ ಗೊತ್ತಿರುವ ಆ ಕೆರೆಯ ಏರಿ ಮೇಲೆ ಒಂದಿಷ್ಟು ದೂರ ನಡೆದು, ಸಂಜೆ ಹೊತ್ತಿಗೆ ಅವರಲ್ಲೊಬ್ಬನ ದೊಡ್ಡಪ್ಪನ ತೆಂಗಿನ ತೋಟ ಸೇರಿದೆವು. ನಾನು ಚೀಲದಿಂದ ಪುಟ್ಟ ಗ್ಯಾಸ್ ಒಲೆ ತೆಗೆದೆ. ಅಂಗೈಯಲ್ಲಿ ಹಿಡಿಸುವ ಒಂದು ಬರ್ನರ್, ಅದರಡಿಗೆ ತಿರುಗಿಸಿ ಕೂರಿಸುವ ಒಂದು ಗ್ಯಾಸ್ ಡಬ್ಬಿ, ಅಷ್ಟೇ. ನಮ್ಮ ಗುಂಪಿನಲ್ಲಿ ಚೆನ್ನಾಗಿ ಕವಿತೆ ಬರೆಯುವ ಹುಡುಗನೊಬ್ಬ ಮುಖ ಸಿಂಡರಿಸಿದ.

"ಏನ್ ಸಾರ್ ಇದು, ತೋಟಕ್ಕೆ ಬಂದು ಗ್ಯಾಸಲ್ಲಿ ಟೀ ಕಾಯ್ಸೋದಾ? ಮೂರು ಕಲ್ಲಿಟ್ಟು ನಾಲ್ಕು ಗರಿ ಹಚ್ಚಿದ್ರೆ ಆಗೋಯ್ತು. ಗ್ಯಾಸ್ ಟೀಲಿ ಜೀವ ಇರಲ್ಲ ಸಾರ್."

ಮಿಕ್ಕವರು ಹೌದೆಂದು ತಲೆಯಾಡಿಸಿದರು. ನಾನು ಮಾತಾಡದೆ ಶುಂಠಿ ಜಜ್ಜಿದೆ, ಟೀ ಮಾಡಿದೆ, ಎಲ್ಲರಿಗೂ ಕೊಟ್ಟೆ. ಜೀವ ಇಲ್ಲದ ಆ ಟೀಯನ್ನು ಅವನು ಎರಡು ಲೋಟ ಕುಡಿದ. ಆದರೆ ಮಾತು ಮಾತ್ರ ನನ್ನೊಳಗೇ ಉಳಿಯಿತು. ಅಲ್ಲಿ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನಿಗೇ ಹೇಳಿ ಮುಗಿಸಬಹುದಾದ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಸೌದೆ ಒಲೆ, ಹೊಗೆ, ಮಸಿ ಹಿಡಿದ ಪಾತ್ರೆ, ಬೆಟ್ಟದ ಮೇಲೆ ಉರಿಯುವ ಬೆಂಕಿಯ ಸುತ್ತ ಗೆಳೆಯರು, ಇವುಗಳ ಬಗ್ಗೆ ನಾವು ಸಾಹಿತ್ಯದವರು ಬರೆದು ಬರೆದು, ಫೋಟೋ ಹಾಕಿ ಹಾಕಿ, ಒಂದು ಸುಳ್ಳನ್ನು ನಿಜ ಮಾಡಿಬಿಟ್ಟಿದ್ದೇವೆ. ಆ ಸುಳ್ಳನ್ನು ಒಂದು ಕಾಲದಲ್ಲಿ ನಾನೂ ನಂಬಿದ್ದೆ. ನಂಬಿದ್ದರಿಂದ ಏನಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದ ಕಾಲ, 1996ರ ಫೆಬ್ರವರಿ ಕೊನೆ. ನಾಲ್ವರು ಗೆಳೆಯರು ನಾಮದ ಚಿಲುಮೆವರೆಗೆ ಹೋಗಿ, ಅಲ್ಲಿಂದ ದೇವರಾಯನದುರ್ಗದ ಸಾಲಿಗೆ ಸೇರಿದ ಒಂದು ಗುಡ್ಡ ಹತ್ತಿದೆವು. ಹಾಲು, ಸಕ್ಕರೆ, ಟೀ ಪುಡಿ, ಒಂದು ಅಲ್ಯುಮಿನಿಯಂ ಪಾತ್ರೆ ಜೊತೆಗಿದ್ದವು. ಬಂಡೆಯ ಮಗ್ಗುಲಲ್ಲಿ ಮೂರು ಕಲ್ಲಿಟ್ಟೆವು. ಪುಳ್ಳೆ ಆರಿಸಿದೆವು, ಹಚ್ಚಿದೆವು, ಕಣ್ಣಲ್ಲಿ ನೀರು ಬರುವ ತನಕ ಊದಿದೆವು. ಟೀ ಆಯಿತು. ಹೊಗೆ ವಾಸನೆಯ ಆ ಟೀ ಕುಡಿದು ಒಬ್ಬ ಭಾವಗೀತೆ ಹಾಡಿದ. ಮಿಕ್ಕಿದ್ದ ಒಂದು ಲೋಟ ನೀರನ್ನು ಕೆಂಡದ ಮೇಲೆ ಸುರಿದು, ಕಲ್ಲನ್ನು ಕಾಲಿನಿಂದ ಒದ್ದು ಬೀಳಿಸಿ, ಬೆಂಕಿ ಆರಿತು ಅಂದುಕೊಂಡು ತುದಿ ನೋಡಲು ಹೊರಟೆವು.

ಅರ್ಧ ಗಂಟೆಯ ನಂತರ ತಿರುಗಿ ನೋಡಿದರೆ ಹೊಗೆ. ಫೆಬ್ರವರಿ ಕೊನೆಗೆ ಆ ಗುಡ್ಡಗಳ ಬಾದೆ ಹುಲ್ಲು ಎದೆಯುದ್ದ ನಿಂತು ಒಣಗಿ ಕಾಗದವಾಗಿರುತ್ತದೆ. ಗಾಳಿ ಬೀಸಿದ ಕಡೆ ಬೆಂಕಿ ಓಡುತ್ತಿತ್ತು. ಅದರ ಸದ್ದು ನನಗೆ ಇನ್ನೂ ಕೇಳುತ್ತದೆ, ಯಾರೋ ಗೋಣಿಚೀಲ ಹರಿಯುತ್ತಿರುವ ಹಾಗೆ. ನಾವು ಓಡಿಹೋಗಿ ಅಂಗಿ ಬಿಚ್ಚಿ ಬಡಿದೆವು. ಏನೂ ಆಗಲಿಲ್ಲ. ಕೆಳಗೆ ಕುರಿ ಕಾಯುತ್ತಿದ್ದ ಮೂವರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಓಡಿ ಬಂದರು. ಅವರಿಗೆ ಗೊತ್ತಿತ್ತು, ಎಲ್ಲಿ ನಿಂತು ಹೊಡೆಯಬೇಕು, ಎಲ್ಲಿ ಹುಲ್ಲು ಸವರಿ ಬಯಲು ಮಾಡಬೇಕು ಅಂತ. ಎರಡು ಗಂಟೆ ಹಿಡಿಯಿತು. ಕೊನೆಗೆ ಗುಡ್ಡದ ಒಂದು ಮಗ್ಗುಲು ಕಪ್ಪಗೆ ಕೂತಿತ್ತು. ಅವರಲ್ಲಿ ಹಿರಿಯನೊಬ್ಬ ಬಂಡೆ ಮೇಲೆ ಕೂತು ಮುಖ ಒರೆಸಿಕೊಂಡು, ನಮ್ಮ ಮಸಿ ಹಿಡಿದ ಪಾತ್ರೆಯನ್ನೂ ನಮ್ಮನ್ನೂ ನೋಡಿ ಒಂದೇ ಮಾತು ಕೇಳಿದ:

"ಟೀ ಕುಡುದ್ರಾ ಸ್ವಾಮಿ?"

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

"ಕುರಿ ಕಾಯುವವರೂ ಹೊಸ ಹುಲ್ಲು ಚಿಗುರಲಿ ಅಂತ ಬೆಂಕಿ ಹಾಕುತ್ತಾರಲ್ಲ" ಎಂದು ಕೆಲವರು ಕೇಳುತ್ತಾರೆ. ಹಾಕುವವರಿದ್ದಾರೆ, ಅದೂ ತಪ್ಪೇ. ಆದರೆ ಅವರ ತಪ್ಪು ನಮಗೆ ಲೈಸೆನ್ಸ್ ಆಗುವುದು ಹೇಗೆ? ಆ ಹುಲ್ಲಿನ ಮೇಲೆ ಅವರ ಬದುಕು ನಿಂತಿದೆ. ನಮ್ಮದು ನಿಂತಿದ್ದು ಒಂದು ಭಾವಗೀತೆಯ ಮೇಲೆ.

ಆ ಗುಡ್ಡ ಬರೀ ಹುಲ್ಲಲ್ಲ ಅನ್ನುವುದು ನನಗೆ ತಿಳಿದಿದ್ದು ಬಹಳ ತಡವಾಗಿ. ಜಯಮಂಗಲಿ, ಶಿಂಷಾ ಎರಡೂ ನದಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ನಾವು ಟೀ ಕುಡಿದ ಕುಣಿಗಲ್ ತಾಲ್ಲೂಕಿನಲ್ಲೇ ಇರುವ ಮಾರ್ಕೋನಹಳ್ಳಿ ಜಲಾಶಯಕ್ಕೆ ನೀರು ಬರುವುದು ಇದೇ ಶಿಂಷಾದಿಂದ. ಬಂಡೆಗಳ ನಡುವಿನ ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರ ಇರುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಅದು ಇಲ್ಲ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಕಡೆ ಬೇಲಿ, ಪೊದೆ, ತೋಪುಗಳನ್ನೇ ಮನೆ ಮಾಡಿಕೊಂಡ ಕಾಡುಪಾಪಗಳಿವೆ. ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಕೈ ಚಾಚಿ ಹೋಗುವ ಆ ಪ್ರಾಣಿಗೆ ಬೆಂಕಿಯ ಮುಂದೆ ಓಡಿ ತಪ್ಪಿಸಿಕೊಳ್ಳುವುದು ಎಲ್ಲಿಂದ ಬರಬೇಕು?

ಹಾಗಾಗಿ ನನ್ನ ವಾದ ತುಂಬ ಸರಳ. ಬೆಂಕಿಯನ್ನು ಹೊತ್ತಿಸುವುದು ಯಾರಿಗೂ ಕಷ್ಟವಲ್ಲ. ಕಷ್ಟವಿರುವುದು ಆರಿಸುವುದರಲ್ಲಿ. ಸೌದೆಯ ಬೆಂಕಿ ಟೀ ಮುಗಿದ ಮೇಲೂ ತನ್ನ ಪಾಡಿಗೆ ತಾನು ಬದುಕಿರುತ್ತದೆ, ಬೂದಿಯಡಿಯಲ್ಲಿ ಕಾಯುತ್ತಿರುತ್ತದೆ. ಗ್ಯಾಸ್ ಒಲೆಯ ಕಿವಿ ತಿರುಗಿಸಿದರೆ ಉರಿ ಆ ಕ್ಷಣಕ್ಕೆ ಇಲ್ಲ. ಕಿಡಿ ಇಲ್ಲ, ಕೆಂಡ ಇಲ್ಲ, ಬೂದಿ ಇಲ್ಲ. ಹೊರಗೆ ಹೋಗಿ ಟೀ ಮಾಡುವವನಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾಗಿಲ್ಲ. ಇದೊಂದೇ ಸಾಕು, ಉಳಿದದ್ದೆಲ್ಲ ಲಾಭ.

ಈಗ ಆ 'ಜೀವ'ದ ಮಾತಿಗೆ ಬರೋಣ. ಸೌದೆ ಒಲೆಯಲ್ಲಿ ಜೀವ ಇದೆ ಅನ್ನುವವರಲ್ಲಿ ಅದರ ಮುಂದೆ ದಿನಾ ಕೂತವರು ಎಷ್ಟು ಮಂದಿ?

ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಉರಿಯುತ್ತಿದ್ದದ್ದು ತೆಂಗಿನ ಗರಿ, ಮಟ್ಟೆ, ಚಿಪ್ಪು. ಮಳೆಗಾಲದಲ್ಲಿ ಒದ್ದೆ ಮಟ್ಟೆ ಹತ್ತುತ್ತಿರಲಿಲ್ಲ. ಅಮ್ಮ ಊದುಕೊಳವೆ ಹಿಡಿದು ಊದುತ್ತಾ, ಕೆಮ್ಮುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದ ಆಕೃತಿಯೇ ನನ್ನ ಬಾಲ್ಯದ ಬೆಳಗು. ಅಡುಗೆಮನೆಯ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಆ ಅಂಕಿಯನ್ನು ಓದಿದಾಗ ನನಗೆ ಕಂಡಿದ್ದು ಒಂದು ಊದುಕೊಳವೆ ಮಾತ್ರ.

ನಮ್ಮ ಮನೆಗೆ ಗ್ಯಾಸ್ ಬಂದಿದ್ದು 1998ರಲ್ಲಿ. ಅಮ್ಮ ಮೊದಮೊದಲು ಹೆದರಿದಳು. ಸಿಲಿಂಡರ್ ಬೇಗ ಮುಗಿದುಹೋಗುತ್ತದೆ ಅಂತ ಅನ್ನ, ಸಾರು, ಮುದ್ದೆ, ನೀರು ಕಾಯಿಸುವುದು ಎಲ್ಲಾ ಸೌದೆಯಲ್ಲೇ ನಡೆಯಿತು. ಗ್ಯಾಸ್ ಹಚ್ಚುತ್ತಿದ್ದದ್ದು ಒಂದಕ್ಕೇ: ಮನೆಗೆ ಯಾರಾದರೂ ಬಂದಾಗ ಟೀ ಇಡಲು. ನಮ್ಮ ಕಡೆ ಆ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯ ಕಥೆಯೂ ಇದೇ. ಅಂದರೆ, ನನ್ನ ಕವಿಮಿತ್ರ ಜೀವವಿಲ್ಲದ್ದು ಎನ್ನುವ ಗ್ಯಾಸ್ ಟೀ ನಮ್ಮಲ್ಲಿ ನೆಂಟರಿಗೆ ಕೊಡುವ ಮರ್ಯಾದೆಯ ಟೀ ಆಗಿತ್ತು. ಹೊಗೆ ಟೀ ನಮಗೆ ನಾವೇ ಕುಡಿದುಕೊಳ್ಳುವುದಾಗಿತ್ತು. ಮೊನ್ನೆ ಈ ಹುಡುಗನ ಮಾತನ್ನು ಅಮ್ಮನಿಗೆ ಹೇಳಿದೆ. ನಕ್ಕಳು. "ಅವನನ್ನ ಒಂದ್ ವಾರ ಕಳ್ಸಪ್ಪ, ಮಳೆಗಾಲ್ದಾಗೆ" ಅಂದಳು.

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ ಕೋಟ್ಯಂತರ ಮನೆಗಳಿಗೆ ಸಂಪರ್ಕ ಸಿಕ್ಕಿತು. ಆದರೂ ಸಿಲಿಂಡರ್ ಬೆಲೆಗೆ ಹೆದರಿ ಸೌದೆಗೇ ಮರಳುವ ಮನೆಗಳು ನಮ್ಮ ಹೋಬಳಿಯಲ್ಲೇ ಇವೆ. ಅವರು ಅನಿವಾರ್ಯವಾಗಿ ಸಹಿಸುವ ಹೊಗೆಯನ್ನು ನಾವು ಭಾನುವಾರದ ಶೋಕಿಗೆ ಹುಡುಕಿಕೊಂಡು ಹೋಗುತ್ತೇವೆ. ಹೋಗಿ, ಅದಕ್ಕೆ 'ಬೇರು', 'ನೆಲದ ಸೊಗಡು' ಎಂದೆಲ್ಲ ಹೆಸರಿಡುತ್ತೇವೆ.

ಬೇರಿನ ಮಾತು ಬಂದಿದ್ದರಿಂದ ಒಂದು ಪ್ರಶ್ನೆ. ಟೀ ನಮ್ಮ ಊರಿಗೆ ಯಾವಾಗ ಬಂತು? ನಮ್ಮ ಅಜ್ಜಂದಿರ ಬೆಳಗು ಅಂಬಲಿ, ಮಜ್ಜಿಗೆಯದು. ಟೀಯನ್ನು ಭಾರತೀಯರಿಗೆ ಕುಡಿಸಲು 1930ರ ದಶಕದಲ್ಲಿ ಟೀ ವ್ಯಾಪಾರದ ಮಂಡಳಿಗಳು ಊರೂರಿನ ಸಂತೆ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ಟೀ ಮಾಡಿ ತೋರಿಸುವ, ಹಂಚುವ ಪ್ರಚಾರವನ್ನೇ ನಡೆಸಿದವು. ಮಾರುಕಟ್ಟೆ ಕಲಿಸಿದ ಪಾನೀಯ ಅದು. ತಪ್ಪೇನಿಲ್ಲ, ಕಲಿತೆವು, ಈಗ ನಮ್ಮದಾಗಿದೆ. ಆದರೆ ಅಸ್ಸಾಮಿನ ಎಲೆ, ಪ್ಯಾಕೆಟ್ ಹಾಲು, ಕಾರ್ಖಾನೆಯ ಸಕ್ಕರೆ ಎಲ್ಲವನ್ನೂ ಒಪ್ಪಿಕೊಂಡವರಿಗೆ, ಕೆಳಗೆ ಉರಿಯುವ ಬೆಂಕಿ ಮಾತ್ರ ಪುರಾತನ ಕಾಲದ್ದೇ ಇರಬೇಕು ಅನ್ನುವ ಹಟ ಯಾಕೋ ನನಗೆ ಅರ್ಥವಾಗುವುದಿಲ್ಲ.

'ಕ್ಯಾಂಪ್' ಅನ್ನುವ ಪದವೇ ನಗರದವರ ಶೋಕಿ ಅಂತ ಇನ್ನೊಬ್ಬಳು ಹುಡುಗಿ ಅಂದಳು. ಗುಬ್ಬಿಯವನ ಮುಂದೆ ಈ ಮಾತು ಆಡಬಾರದು. 1884ರಲ್ಲಿ ಶುರುವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಿಂದ ನಮ್ಮಲ್ಲಿ ಆ ಪದ ಮನೆಮಾತು. ಕಂಪನಿ ಈಗ ಯಾವ ಊರಲ್ಲಿ ಕ್ಯಾಂಪ್ ಹಾಕಿದೆ ಅಂತ ಕೇಳುತ್ತಿದ್ದರು. ಊರು ಬಿಟ್ಟು ಊರಿಗೆ ಹೋಗಿ, ಗುಡಾರ ಹಾಕಿ, ಅಡುಗೆ ಮಾಡಿಕೊಂಡು ಉಂಡು, ಮತ್ತೆ ಗಂಟುಮೂಟೆ ಕಟ್ಟುವ ಬದುಕು ನಮಗೆ ಹೊಸದಲ್ಲ. ಗುಬ್ಬಿ ವೀರಣ್ಣನವರ ಹೆಸರು ಉಳಿದದ್ದು ಹೊಸದಕ್ಕೆ ಹೆದರದೆ ಇದ್ದದ್ದರಿಂದ. ರಂಗದ ಮೇಲೆ ನಿಜವಾದ ಆನೆ ಕುದುರೆ ತಂದವರು, ಮುಂದೆ ಸಿನಿಮಾಕ್ಕೂ ಕೈ ಹಾಕಿದವರು ಅವರು.

ಇನ್ನು ರುಚಿ. ಇದರ ಬಗ್ಗೆ ಭಾವನೆಗಿಂತ ಲೆಕ್ಕ ಒಳ್ಳೆಯದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ತರಲು ಸುಮಾರು 75 ಕಿಲೋಕ್ಯಾಲೊರಿ ಶಾಖ ಬೇಕು. ಡಬ್ಬಿಯೊಳಗಿನ ಬ್ಯೂಟೇನ್ ಒಂದು ಗ್ರಾಂಗೆ ಹತ್ತಿರ ಹತ್ತಿರ 11 ಕಿಲೋಕ್ಯಾಲೊರಿ ಕೊಡುತ್ತದೆ. ಅರ್ಧ ಶಾಖ ಗಾಳಿಗೆ ಹೋಯಿತು ಅಂದುಕೊಂಡರೂ 14 ಗ್ರಾಂ ಸಾಕು. ಮೇಲೆ ನಾಲ್ಕೈದು ನಿಮಿಷ ಕುದಿಸುವುದನ್ನೂ ಸೇರಿಸಿ 20 ಗ್ರಾಂ ಇಟ್ಟುಕೊಳ್ಳಿ. 230 ಗ್ರಾಂನ ಒಂದು ಡಬ್ಬಿಯಲ್ಲಿ ಹತ್ತು ಹನ್ನೊಂದು ಸಲ, ಪ್ರತಿ ಸಲ ಹತ್ತು ಸಣ್ಣ ಲೋಟ ಟೀ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಬೆಂಕಿಯ ಹತ್ತರಲ್ಲೊಂದು ಪಾಲು ಅಷ್ಟೇ. ಅದೇ ಲೀಟರಿಗೆ ಕಾಲು ಕಿಲೋ ಒಣಸೌದೆ ಬೇಕು, ಹತ್ತಿಸಲು ಸುಟ್ಟ ಪುಳ್ಳೆಯ ಲೆಕ್ಕ ಬೇರೆ.

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಚಿಲ್ಲರೆಗೇ ಕುದಿಯುತ್ತದೆ. ಹಾಗಾಗಿ ಪುಡಿ ಹಾಕಿದ ಮೇಲೆ ಕೊಂಚ ಹೆಚ್ಚು ಹೊತ್ತು ಸಣ್ಣ ಉರಿಯಲ್ಲಿ ಬಿಡಬೇಕು. ಸೌದೆಯಲ್ಲಿ ಸಣ್ಣ ಉರಿ ಅನ್ನುವುದು ಅದೃಷ್ಟ. ಒಂದು ಕ್ಷಣ ಮಂಕು, ಮರುಕ್ಷಣ ಭುಗಿಲು, ಹಾಲು ಉಕ್ಕಿ ಕೆಂಡದ ಪಾಲು. ಗ್ಯಾಸಿನಲ್ಲಿ ಜಜ್ಜಿದ ಶುಂಠಿಯನ್ನು ನೀರಿನಲ್ಲೇ ಮೊದಲು ಕುದಿಸಿ, ಆಮೇಲೆ ಪುಡಿ, ಕೊನೆಗೆ ಹಾಲು, ಉರಿ ಇಳಿಸಿ ಎರಡು ನಿಮಿಷ. ಬೆಲ್ಲವಾದರೆ ಇಳಿಸಿದ ಮೇಲೆ ಹಾಕಬೇಕು, ಇಲ್ಲದಿದ್ದರೆ ಹಾಲು ಒಡೆಯುವ ಭಯ. ಈ ಹದವೇ ಟೀಯ ಜೀವ. ಹೊಗೆ ವಾಸನೆ ಬರುವುದು ಪಾತ್ರೆಗೆ ಮುಚ್ಚಳ ಇಲ್ಲದ್ದರಿಂದ. ಮುಚ್ಚಳದ ಕೊರತೆಗೆ ಇಷ್ಟೊಂದು ಕವಿತೆ ಬೇಕಿರಲಿಲ್ಲ.

ಗ್ಯಾಸ್ ಒಲೆಗೆ ದೋಷವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಗಾಳಿ ಅದರ ಶತ್ರು. ಕೆರೆ ಏರಿಯ ಮೇಲೆ ಹಚ್ಚಿದರೆ ಅರ್ಧ ಡಬ್ಬಿ ಗಾಳಿಗೇ. ತಗ್ಗಿನಲ್ಲಿ ಕೂತು, ಗಾಳಿ ಬೀಸುವ ಕಡೆಗೆ ಎರಡು ಮೂರು ಕಲ್ಲು ಮರೆ ಇಡಬೇಕು. (ಮೂರು ಕಲ್ಲು ಬೇಕೆನ್ನುವವರಿಗೆ ಇಲ್ಲಿ ಕೆಲಸವಿದೆ.) ಆದರೆ ಡಬ್ಬಿಯ ಸುತ್ತ ಪೂರ್ತಿ ಮರೆ ಕಟ್ಟಕೂಡದು, ಶಾಖ ತಿರುಗಿ ಡಬ್ಬಿಗೆ ಬಡಿಯುತ್ತದೆ. ಒಲೆಗಿಂತ ದೊಡ್ಡ ಪಾತ್ರೆ ಇಟ್ಟರೂ ಅದೇ ಅಪಾಯ. ಡೇರೆಯೊಳಗೆ, ಕಾರಿನೊಳಗೆ ಹಚ್ಚಲೇಬಾರದು, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಖಾಲಿ ಡಬ್ಬಿಗೆ ದೊಡ್ಡ ಸಿಲಿಂಡರಿನಿಂದ ಗ್ಯಾಸ್ ತುಂಬಿಸುವ ಜಾಣತನ ಕೆಲವರಿಗಿದೆ. ಅದು ಆತ್ಮಹತ್ಯೆಯ ಅಭ್ಯಾಸ. ಹಿಮಾಲಯದ ಚಳಿಯಲ್ಲಿ ಬ್ಯೂಟೇನ್ ಆವಿಯಾಗುವುದಿಲ್ಲ, ಸೊನ್ನೆ ಡಿಗ್ರಿಯ ಹತ್ತಿರ ಅದು ಮುಷ್ಕರ ಹೂಡುತ್ತದೆ. ನಮ್ಮ ಡಿಸೆಂಬರಿನಲ್ಲಿ ಆ ಚಿಂತೆ ಇಲ್ಲ.

ಖಾಲಿ ಡಬ್ಬಿಯ ಕಸ? ಇದು ನ್ಯಾಯವಾದ ಆಕ್ಷೇಪ. ಒಂದು ಡಬ್ಬಿ ಖಾಲಿಯಾಗುವುದು ಹತ್ತು ತಿರುಗಾಟಕ್ಕೊಮ್ಮೆ. ಅದನ್ನು ತಿರುಗಿ ಮನೆಗೆ ತರುವುದು ತಂದವನ ಕರ್ತವ್ಯ. ಎಸೆದು ಬರುವವನು ಯಾವ ಒಲೆ ಹಚ್ಚಿದರೂ ಎಸೆದೇ ಬರುತ್ತಾನೆ. ಪೆಟ್ರೋಲಿಯಂ ಉತ್ಪನ್ನವಲ್ಲವೇ? ಹೌದು. ಆದರೆ ತುಮಕೂರಿನಿಂದ ಕುಣಿಗಲ್ಲಿಗೆ ಬೈಕಿನಲ್ಲಿ ಬಂದವನು 20 ಗ್ರಾಂ ಗ್ಯಾಸಿನ ಮುಂದೆ ಪರಿಸರವಾದಿಯಾಗುವುದು ನಗೆಪಾಟಲು.

ಒಂದು ಮಿತಿಯನ್ನು ಮಾತ್ರ ದಪ್ಪಕ್ಷರದಲ್ಲಿ ಹೇಳಬೇಕು. ಕಾಡಿನೊಳಗೆ ಗ್ಯಾಸ್ ಒಲೆಯೂ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸುತ್ತದೆ, ನನ್ನ ಒಲೆ ಚಿಕ್ಕದು ಅಂತ ಅದಕ್ಕೆ ವಿನಾಯಿತಿ ಇಲ್ಲ. ಅಲ್ಲಿಗೆ ಫ್ಲಾಸ್ಕ್ ಒಯ್ಯಿರಿ, ಹಾಲಿನ ಟೀ ಫ್ಲಾಸ್ಕಿನಲ್ಲಿ ಕೆಡುತ್ತದೆ ಅಂದರೆ ಕರಿ ಟೀ ಒಯ್ಯಿರಿ, ಇಲ್ಲವೇ ಇಳಿದು ಬಂದು ರಸ್ತೆ ಬದಿಯ ಅಂಗಡಿಯಲ್ಲಿ ಕುಡಿಯಿರಿ, ಅವರಿಗೂ ವ್ಯಾಪಾರವಾಗಲಿ. ಗ್ಯಾಸ್ ಒಲೆಯ ಜಾಗ ಕೆರೆಯ ಬಯಲು, ಒಪ್ಪಿಗೆ ಕೊಟ್ಟವರ ತೋಟ, ಕೊಯ್ಲು ಮುಗಿದು ಒಕ್ಕಲು ಮಾಡಿದ ಕಣ, ಹುಲ್ಲಿಲ್ಲದ ಬಂಡೆ. ನಮ್ಮ ಮೂರು ತಾಲ್ಲೂಕಿನಲ್ಲಿ ಅಂಥ ಜಾಗಕ್ಕೆ ಬರವಿಲ್ಲ.

ಮತ್ತೊಂದು ವಿಷಯ. ಸೌದೆ ಟೀಯ ಕವಿತೆಗಳಲ್ಲಿ ನಾನು ಎಂದೂ ಕಾಣದ ಒಂದು ಸಾಲಿದೆ: ಪಾತ್ರೆ ತೊಳೆದವರು ಯಾರು? ನಮ್ಮ ಎಷ್ಟೋ ಪ್ರವಾಸಗಳಲ್ಲಿ ಬೆಂಕಿ ಹಚ್ಚಿ ಫೋಟೋ ತೆಗೆಸಿಕೊಂಡವರು ಹುಡುಗರು. ಕೆರೆಯಂಚಿನಲ್ಲಿ ಕೂತು ಮಣ್ಣು, ತೆಂಗಿನ ನಾರು ಹಾಕಿ ಮಸಿ ಉಜ್ಜಿದವರು ಹುಡುಗಿಯರು. ಯಾರೂ ಹೇಳಿರಲಿಲ್ಲ, ಹಾಗೇ ಆಗುತ್ತಿತ್ತು. ಗ್ಯಾಸಿನ ಪಾತ್ರೆಗೆ ಮಸಿ ಹಿಡಿಯುವುದಿಲ್ಲ, ಒಂದು ಲೋಟ ನೀರಿನಲ್ಲಿ ತೊಳೆದರೆ ಮುಗಿಯಿತು. ಮನೆಯ ಒಲೆಯಿಂದ ತಪ್ಪಿಸಿಕೊಂಡು ಒಂದು ದಿನ ಹೊರಗೆ ಬಂದ ಹುಡುಗಿಗೆ ಇಲ್ಲೂ ಒಲೆಯನ್ನೇ ತಂದು ಮುಂದಿಡುವುದು ಯಾವ ಸೊಗಡು?

ಅದಕ್ಕೇ ನನ್ನ ಕವಿಮಿತ್ರನಿಗೆ ಒಂದು ಆಹ್ವಾನ. ಮುಂದಿನ ಸಲ ನಿನ್ನಿಷ್ಟದಂತೆಯೇ ಆಗಲಿ ಮಾರಾಯ, ಮೂರು ಕಲ್ಲಿಡು. ನಮ್ಮೂರಿನ ತೋಟದಲ್ಲೇ, ಮಳೆ ಬಿದ್ದ ಮಾರನೇ ದಿನ. ಷರತ್ತು ಇಷ್ಟೇ. ಮಟ್ಟೆ ಆರಿಸುವುದು ನೀನು, ಊದುವುದು ನೀನು, ಮಸಿ ಉಜ್ಜುವುದೂ ನೀನು. ಎಲ್ಲ ಮುಗಿದ ಮೇಲೆ ಒಂದು ಬಿಂದಿಗೆ ನೀರು ಸುರಿದು, ಬೂದಿ ಕೆದಕಿ, ಮತ್ತೆ ನೀರು ಸುರಿದು, ಬರಿಗೈಯನ್ನು ಅದರೊಳಗೆ ಇಟ್ಟು ತಣ್ಣಗಾಗಿದೆಯಾ ನೋಡಬೇಕು. ಆ ಒಂದು ಕೆಲಸವನ್ನು 1996ರಲ್ಲಿ ನಾವು ಮಾಡಲಿಲ್ಲ. ನೀನು ಅದೆಲ್ಲವನ್ನೂ ಮಾಡುವಷ್ಟು ಹೊತ್ತಿಗೆ ನಾನು ಪಕ್ಕದಲ್ಲಿ ನನ್ನ ಪುಟ್ಟ ಒಲೆ ಹಚ್ಚಿ, ಟೀ ಇಳಿಸಿ, ಆರಿಸಿ, ಚೀಲಕ್ಕೆ ಹಾಕಿಕೊಂಡಿರುತ್ತೇನೆ. ನಿನಗೂ ಅಮ್ಮನಿಗೂ ಒಂದೊಂದು ಲೋಟ ಎತ್ತಿಟ್ಟಿರುತ್ತೇನೆ.

ಆಮೇಲೆ ಯಾರಾದರೂ ಕುರಿ ಕಾಯುವವರು ಆ ದಾರಿಯಲ್ಲಿ ಬಂದು "ಟೀ ಕುಡುದ್ರಾ ಸ್ವಾಮಿ?" ಅಂತ ಕೇಳಿದರೆ, ಈ ಸಲ ನಾನು ತಲೆ ತಗ್ಗಿಸದೆ ಹೇಳಬಹುದು: ಕುಡಿದ್ವಿ, ಬನ್ನಿ, ನಿಮಗೂ ಇದೆ.